ಜಾಲಿ ಮೋಟಿನ ಮೊಳೆ

“ಕಡಿ ಮಗಾ, ಬ್ಯಾಡ ಅನ್ನಲ್ಲ. ಬೇಕಾದ್ರೆ ಸುಡು. ಬೇರು ಮಾತ್ರ ಸಾಯಿಸ್ಬ್ಯಾಡ.”

ಕೊಡಿಗೇಹಳ್ಳಿಯ ಹಳೇ ಊರಿನ ಹಿಂದೆ, ರೈಲು ಹಳಿಯ ಪಕ್ಕದ ಜಾಗದಲ್ಲಿ, ಮುರಿದ ಕಾಂಪೌಂಡಿನ ಮೇಲೆ ಕೂತು ದೊಡ್ಡಮುನಿಯಮ್ಮ ಹೀಗಂದಾಗ ಬಾಲರಾಜ್ ನಕ್ಕುಬಿಟ್ಟ. ನಗದೆ ಇನ್ನೇನು ಮಾಡಿಯಾನು? ಹೆಬ್ಬಾಳದಿಂದ ಯಲಹಂಕದವರೆಗೆ ಯಾರ ಸೈಟಿನಲ್ಲಿ ಬಳ್ಳಾರಿ ಜಾಲಿ ತಲೆ ಎತ್ತಿದರೂ ಫೋನ್ ಬರುತ್ತಿದ್ದದ್ದು ಅವನಿಗೇ. ಜಾಲಿ ಕಡಿಯುವವರು ಬೀದಿಗೊಬ್ಬರು ಸಿಗುತ್ತಾರೆ. ಕಡಿದ ಜಾಲಿ ತಿಂಗಳೊಳಗೆ ಒಂದಕ್ಕೆ ಹತ್ತಾಗಿ ಏಳುತ್ತದೆ. ಬಾಲರಾಜ್ ಕಡಿದ ಮೋಟು ಮಾತ್ರ ಏಳುವುದಿಲ್ಲ. ಗಾಯ ಒಣಗುವ ಮುಂಚೆ, ಡೀಸೆಲ್ಲಿಗೆ ಬೆರೆಸಿದ ಔಷಧಿಯನ್ನು ಬ್ರಷ್ಷಿನಲ್ಲಿ ಹಚ್ಚಿಬಿಟ್ಟರೆ ಸಾಕು, ಅದು ಬೇರಿನ ತುದಿಯವರೆಗೂ ಇಳಿದು ಕೆಲಸ ಮುಗಿಸುತ್ತದೆ.

“ಅಜ್ಜಿ, ನನ್ನ ಕೈಗುಣಾನೇ ಅಂಥದ್ದು. ನಾನು ಮುಟ್ಟಿದ್ದು ಮತ್ತೆ ಚಿಗುರಲ್ಲ.”

“ಅಂಗೆಲ್ಲ ಬಾಯ್ಬುಡ್ಬ್ಯಾಡ ಕಣಪ್ಪ. ಅದು ಕೇಳಿಸ್ಕೊಂತದೆ.” ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಂಗೆ ಒಂಬತ್ತು ವರ್ಸ ಇದ್ದಾಗ ಯಾರೋ ಆಗದೋರು ಮಾಟ ಮಾಡ್ಸಿ ಗಾಳಿ ಬುಟ್ಟಿದ್ರು. ಮಣ್ಣು ತಿಂತಿದ್ದೆನಂತೆ. ಮಂತ್ರವಾದಿ ಬಂದು ನನ್ನ ಕೂದ್ಲು ಮೊಳೆಗೆ ಸುತ್ತಿ, ಅದನ್ನ ಆ ನಡುಮದ್ಯದ ಜಾಲಿಗೆ ಒಡ್ದು ಕಟ್ಟಾಕ್ದ. ನಮ್ಮಪ್ಪ ಆಲದ ಮರಕ್ಕೆ ಒಡಿ ಅಂದ್ರೆ ಕೇಳ್ಲಿಲ್ಲ. ಆಲದ ಮರಾನ ಯಾರಾದ್ರೂ ಒಂದಿನ ಕೀಳ್ತಾರೆ, ಜಾಲೀನ ಮುಗ್ಸೋ ಗಂಡ್ಸು ಇನ್ನೂ ಉಟ್ಟಿಲ್ಲ ಅಂದ್ನಂತೆ.”

“ಹುಟ್ಟಿದ್ದಾನೆ ಅಜ್ಜಿ. ನೋಡು, ನಿನ್ನ ಮುಂದೇನೇ ನಿಂತಿದ್ದಾನೆ.”

ಮುದುಕಿ ನಗಲಿಲ್ಲ. ಕೆಲಸಕ್ಕೆ ಜತೆಯಾಗಿ ಬರುತ್ತಿದ್ದ ಲಾಲ್ ಸಾಬ್ ಕೂಡ ನಗಲಿಲ್ಲ. ಅವನು ಅದೇ ಊರಿನವನು. “ಬಾಲಣ್ಣ, ನಮ್ಮ ಮೇಕೆಗಳು ಎಷ್ಟೋ ವರ್ಷದಿಂದ ಇಲ್ಲೇ ಮೇಯ್ತವೆ, ಆ ಮರದ ಕಾಯಿ ತಿಂತವೆ. ಅದರ ನೆರಳಲ್ಲಿ ಮಾತ್ರ ಒಂದಿನಾನೂ ಮಲಗಿಲ್ಲ. ಅದೊಂದು ಬಿಟ್ಬಿಡಿ” ಎಂದು ತಗ್ಗಿದ ದನಿಯಲ್ಲಿ ಹೇಳಿದ. ಬಾಲರಾಜ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮುದುಕಿಯ ಮೊಮ್ಮಗ ಮಹೇಂದ್ರ ಅಲ್ಲಿ ಬ್ಯಾಡ್ಮಿಂಟನ್ ಕೋರ್ಟ್ ಕಟ್ಟಿಸುವವನಿದ್ದ. ಒಂದು ಕಡ್ಡಿಯೂ ಉಳಿಯಬಾರದೆಂದು ತಾಕೀತು ಮಾಡಿದ್ದ.

ಬಾಲರಾಜನಿಗೆ ದೇವರು ದೆವ್ವಗಳ ಮೇಲಿನ ಭಯ ಹೋಗಿದ್ದಕ್ಕೆ ಕಾರಣವೂ ಇತ್ತು. ಹೆಂಡತಿ ಕಲಾವತಿ ಹಿಂದೆ ಎರಡು ಸಲ ಬಸುರಿಯಾಗಿ, ಎರಡು ಸಲವೂ ಮೂರನೇ ತಿಂಗಳಿಗೇ ಕಳೆದುಕೊಂಡಿದ್ದಳು. ಆಗ ಹೊರದ ಹರಕೆಯಿಲ್ಲ, ಕಟ್ಟದ ತಾಯತವಿಲ್ಲ. ಯಾವುದು ಕಾಪಾಡಿತು? ಈಗ ಅವಳಿಗೆ ಆರು ತಿಂಗಳು. ಈ ಒಂದು ಮಗು ಉಳಿದರೆ ಸಾಕೆಂದು ಅವನ ಜೀವ ಹಾರುತ್ತಿತ್ತು. ಆದರೆ ನಂಬುತ್ತಿದ್ದದ್ದು ಡಾಕ್ಟರ ಮಾತ್ರೆಯನ್ನು, ಅತ್ತೆ ಕಟ್ಟಿದ ಕರಿ ದಾರವನ್ನಲ್ಲ.

ಅವತ್ತು ಅಮಾವಾಸ್ಯೆ ಬೇರೆ. ಅಂಚಿನಿಂದ ಕಡಿಯುತ್ತ ಒಳಕ್ಕೆ ಹೋದಂತೆ ಹಗಲೇ ಕತ್ತಲಾಗತೊಡಗಿತು. ಸಂಜೆಯಾದರೆ ಎಲೆ ಮಡಚಿಕೊಳ್ಳುವುದು ಜಾಲಿಯ ಗುಣ. ಅಲ್ಲಿ ಮಾತ್ರ ಹನ್ನೆರಡು ಗಂಟೆಗೇ ಎಲೆಗಳು ಅರ್ಧ ಮಡಚಿದ್ದವು. ಕೊಳೆತ ಕಾಯಿಯ ಸಿಹಿ ನಾತ, ಮೇಕೆ ಹಿಕ್ಕೆಯ ವಾಸನೆ, ಡೀಸೆಲ್ ಘಾಟು ಒಟ್ಟಾಗಿ ಗಂಟಲಿಗೆ ಅಂಟಿಕೊಂಡವು. ವಿಮಾನಗಳು ತಲೆಯ ಮೇಲೇ ಹಾರುತ್ತಿದ್ದರೂ ಅವುಗಳ ಸದ್ದು ಆ ಪೊದೆಯೊಳಗೆ ಇಳಿಯುತ್ತಿರಲಿಲ್ಲ.

ನಟ್ಟನಡುವೆ ಒರಳುಕಲ್ಲಿನಷ್ಟು ದಪ್ಪದ ಹಳೇ ಮೋಟು ಇತ್ತು. ಸುತ್ತ ಬೆರಳು ಗಾತ್ರದ ನೂರಾರು ಚಿಗುರು. ಗರಗಸ ಇಟ್ಟು ಎಳೆದ. ಎರಡು ಎಳೆತಕ್ಕೆ ಹಲ್ಲು ಕಿರ್ರೆಂದು ಕಚ್ಚಿಕೊಂಡಿತು. ಮರ ಸೀಳಿ ನೋಡಿದರೆ ಗೇಣುದ್ದದ ಮೊಳೆ. ಇಕ್ಕಳ ಹಾಕಿ ಕಿತ್ತ. ಮೊಳೆಯ ಜತೆ ಒಂದು ಸಿಂಬೆ ಕೂದಲು ಹೊರಬಂತು. ಅರವತ್ತು ವರ್ಷ ಹಳೆಯದಾಗಿರಬೇಕಾದ ಕೂದಲು ಕಪ್ಪಗೆ ಹೊಳೆಯುತ್ತಿತ್ತು. ಈಗ ತಾನೇ ಹಚ್ಚಿದಂತೆ ಹರಳೆಣ್ಣೆ ವಾಸನೆ ಬರುತ್ತಿತ್ತು.

ಅತ್ತ ಕಾಂಪೌಂಡಿನ ಮೇಲೆ ದೊಡ್ಡಮುನಿಯಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು “ಅಯ್ಯೋ!” ಎಂದಳು.

ಬಾಲರಾಜ್ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಹೆದರಿದೆನೆಂದು ಒಪ್ಪಿಕೊಂಡರೆ ಮರ್ಯಾದೆ ಏನಾಗಬೇಕು? ಕೂದಲನ್ನು ಒದ್ದು ಆಚೆಗೆ ತಳ್ಳಿದ. ಬ್ರಷ್ ಅದ್ದಿ ಮೋಟಿನ ತುಂಬ ಔಷಧಿ ಬಳಿದ. ಮೋಟು ಅದನ್ನು ಸೊರ್ರೆಂದು ಹೀರಿಕೊಂಡಿತು. ಅವನ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ, ಲಾಲ್ ಸಾಬ್ ಆಗಲೇ ಮಾರು ದೂರ ಸರಿದಿದ್ದ.

“ಹಳೇ ಕಾಲದ ಕಬ್ಬಿಣ ಸಾಬ್ರೇ, ತುಕ್ಕೇ ಹಿಡಿದಿಲ್ಲ ನೋಡಿ,” ಎಂದು ಬಾಲರಾಜ್ ಮೊಳೆಯನ್ನು ಜೇಬಿಗಿಳಿಸಿದ. ಹೊರಡುವಾಗ ಮಿಕ್ಕ ಔಷಧಿ ಬಾಟಲನ್ನು ಲಾಲ್ ಸಾಬನ ಕೈಗಿಟ್ಟ. “ನಿಮ್ಮ ಮೇಕೆ ದೊಡ್ಡಿ ಪಕ್ಕ ಒಂದು ಜಾಲಿ ಕಾಟ ಕೊಡ್ತದೆ ಅಂತಿದ್ರಲ್ಲ, ಕಡಿದು ಹಚ್ಚಿ. ಪೀಡೆ ತೊಲಗಲಿ.”

ಗಂಗಾನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಸೊಳ್ಳೆ ಪರದೆ ಕಟ್ಟಲು ಒಂದು ಗಟ್ಟಿ ಮೊಳೆ ಬೇಕೆಂದು ಕಲಾವತಿ ವಾರದಿಂದ ಹೇಳುತ್ತಿದ್ದಳು. ಆ ಮಹಾನುಭಾವ ಜಾಲಿಯಿಂದ ಕಿತ್ತ ಮೊಳೆಯನ್ನೇ ಅವಳ ತಲೆದೆಸೆಯ ಗೋಡೆಗೆ ಹೊಡೆದ. ವಿನಾಶಕಾಲಕ್ಕೆ ವಿಪರೀತ ಬುದ್ಧಿ ಅನ್ನುವುದು ಸುಮ್ಮನೆಯೆ?

ನಾಲ್ಕನೇ ದಿನ ತುಳಸಿ ಕುಂಡದ ಮಣ್ಣು ಅರ್ಧಕ್ಕಿಳಿದಿತ್ತು. “ಬಸುರಿಯರಿಗೆ ಮಣ್ಣಿನ ಬಯಕೆ ಇದ್ದದ್ದೇ ಕಣ್ರೀ,” ಎಂದು ಕಲಾವತಿ ನಾಚಿಕೊಂಡಳು. ಅವನೂ ನಕ್ಕ. ಎಂಟನೇ ದಿನ ಕುಂಡ ಬರಿದಾಗಿತ್ತು. ಮನೆ ತುಂಬ ಹರಳೆಣ್ಣೆ ವಾಸನೆ. ಕಲಾವತಿ ಹರಳೆಣ್ಣೆ ಮುಟ್ಟಿದವಳೇ ಅಲ್ಲ. ಮಣ್ಣು ತಿನ್ನುತ್ತಿದ್ದೆನೆಂದ ಮುದುಕಿಯ ಮಾತು ನೆನಪಾಯಿತು. ನೆನಪಾದದ್ದನ್ನು ಅದುಮಿಟ್ಟ.

ಹದಿನೈದನೇ ದಿನ, ಹುಣ್ಣಿಮೆ. ಮಧ್ಯಾಹ್ನ ಊಟಕ್ಕೆ ಬಂದಾಗ ಮೋಡ ಕವಿದು ಮನೆಯೊಳಗೆ ಮಬ್ಬು. ಕರೆಂಟಿರಲಿಲ್ಲ. ಮಲಗುವ ಕೋಣೆಯಿಂದ ಕೆರೆಯುವ ಸದ್ದು. ಕರ್. ಕರ್. ಕರ್.

“ಕಲಾ?”

ಸದ್ದು ನಿಂತಿತು. ಕಲಾವತಿ ಮೊಳೆಯ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ, ಮಂಡಿ ಮಡಚಿ ಕೂತಿದ್ದಳು. ಬಾಯಿಯ ಸುತ್ತ ಮಣ್ಣು. ಉಗುರಿನಲ್ಲಿ ಗೋಡೆಯ ಗಾರೆ. ಅವಳ ಕೂದಲು ಎದ್ದು ಹೋಗಿ ಮೊಳೆಗೆ ಸುತ್ತಿಕೊಂಡಿತ್ತು, ಯಾರೋ ಕೂತು ನಿಧಾನವಾಗಿ ಸುತ್ತಿದ ಹಾಗೆ.

“ಮನೆ ಕಿತ್ತಾಕ್ದೋನೇ, ಬಂದ್ಯಾ?” ಒಂಬತ್ತು ವರ್ಷದ ಹುಡುಗಿಯ ದನಿ. “ಕೈ ಕೊಡು.”

ಅವಳ ಕೈ ಅವನ ಮಣಿಕಟ್ಟು ಹಿಡಿಯಿತು. ಹಿಡಿತ ಕಬ್ಬಿಣ. ಎಳೆಯಿತು. ಅವನ ಅಂಗೈ ಅವಳ ಹೊಟ್ಟೆಯ ಮೇಲೆ ಬಿತ್ತು. ಒಳಗೆ ಒದೆಯುತ್ತಿದ್ದ ಮಗು ಒಮ್ಮೆ ಮಿಸುಕಾಡಿತು. ಆಮೇಲೆ ಸ್ತಬ್ಧ.

“ಸರಿಯಾಗಿ ಮುಟ್ಟು. ನೀನು ಮುಟ್ಟಿದ್ದು ಮತ್ತೆ ಚಿಗುರಲ್ವಂತಲ್ಲ?”

ಆ ಮಾತನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೈಯೆಲ್ಲ ಶಕ್ತಿ ಹಾಕಿ ಕೈ ಕಿತ್ತುಕೊಂಡ. ಮೊಳೆಗೆ ಜೋತುಬಿದ್ದು ಎಳೆದ. ಸುತ್ತಿದ್ದ ಕೂದಲ ಸಮೇತ ಮೊಳೆ ಕೈಗೆ ಬಂತು. ಕಲಾವತಿ ಅಲ್ಲೇ ಕುಸಿದಳು. ಮೇಲಿನ ಮನೆಯ ರುಮಾನಾ ಆಂಟಿಯನ್ನು ಕೂಗಿ ಅವಳ ಪಕ್ಕ ಕೂರಿಸಿ, ಬೈಕ್ ಹತ್ತಿದ. ಹೆಬ್ಬಾಳದ ಫ್ಲೈಓವರ್ ಹೇಗೆ ದಾಟಿದನೋ ಅವನಿಗೇ ಗೊತ್ತಿಲ್ಲ.

ದೊಡ್ಡಮುನಿಯಮ್ಮ ಜಗುಲಿಯ ಮೇಲೆ ಮಲಗಿದ್ದಳು. ಮೊಳೆ ನೋಡಿ ಎದ್ದು ಕೂತಳು.

“ನನ್ನತ್ರ ಬತ್ತದೆ ಅಂತ ಇಷ್ಟ್ ದಿನ ಕಾದೆ ಕಣಪ್ಪ. ಈ ಒಣ ಮೋಟಲ್ಲಿ ಅದಕ್ಕೇನೈತೆ? ಚಿಗುರಿರೋ ಕಡೆ ಓಗೈತೆ.”

“ಅಜ್ಜಿ, ನಿನ್ನ ಕಾಲು ಹಿಡ್ಕೋತೀನಿ. ಮಗು ಉಳಿಸ್ಕೊಡು.”

“ಅದೇ ಜಾಲಿ ಬೇಕು. ಅದರ ಬೇರಾದ್ರೂ ಸರಿ, ಚಿಗುರಾದ್ರೂ ಸರಿ, ಜೀವ ಇರ್ಬೇಕು. ಒತ್ತು ಮುಳುಗೋದ್ರೊಳ್ಗೆ ಈ ಮೊಳೆ ಅದಕ್ಕೆ ಬೀಳ್ಬೇಕು.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಾಲರಾಜ್ ಆ ಜಾಗದಲ್ಲಿ ಮಂಡಿಯೂರಿ ಹುಡುಕಿದ. ಮೋಟು ಕೆರೆದ. ಕಪ್ಪು. ಇನ್ನೊಂದು ಕೆರೆದ. ಕಪ್ಪು. ಬೇರು ಅಗೆದ. ಪುಡಿಪುಡಿ. ಒಂದು ಹಸಿರು ಕಣ್ಣು ಸಾಕು, ಒಂದೇ ಒಂದು. ಇಲ್ಲ. ಬೆರಳು ಗಾತ್ರದ ಚಿಗುರಿಗೂ ಔಷಧಿ ಹಚ್ಚಿದ್ದ ಪುಣ್ಯಾತ್ಮ. ಕೆಲಸ ಅಷ್ಟು ಚೊಕ್ಕವಾಗಿತ್ತು. ಅಂಗೈಗೆ ಮುಳ್ಳು ಹೊಕ್ಕು ರಕ್ತ ಸುರಿಯಿತು. ಪಡುವಣ ಮೋಡದ ಅಂಚು ಕೆಂಪಾಗತೊಡಗಿತು.

ಜಗುಲಿಯ ಮಾತು ಕೇಳಿ ಹಿಂದೆಯೇ ಓಡಿಬಂದಿದ್ದ ಲಾಲ್ ಸಾಬ್ ತಟ್ಟನೆ ಹಣೆ ಚಚ್ಚಿಕೊಂಡ. “ಬಾಲಣ್ಣ! ನಮ್ಮ ದೊಡ್ಡಿ ಹತ್ರದ ಜಾಲಿ! ಇದ್ರ ಕಾಯಿ ತಿಂದ ಮೇಕೆ ಹಿಕ್ಕೆಯಿಂದ ಎದ್ದಿರೋದು ಅದು. ಇದ್ರ ಮಗಳೇ ಅಲ್ವಾ?”

ಬಾಲರಾಜ್ ಅವನ ತೋಳು ಹಿಡಿದ. “ಔಷಧಿ ಹಚ್ಚಿದ್ರಾ?”

“ನಾನಿಲ್ಲ. ಮಲ್ಕಾ ಇವತ್ತು ಹಚ್ತೀನಿ ಅಂತಿದ್ಲು.”

ಓಡಿದರು. ಗಲ್ಲಿ. ಚರಂಡಿ. ಇನ್ನೊಂದು ಗಲ್ಲಿ. ಹಿಂದೆ ಕೋಲೂರಿಕೊಂಡು ಮುದುಕಿ. ದೊಡ್ಡಿಯ ಪಕ್ಕ ಲಾಲ್ ಸಾಬನ ಹೆಂಡತಿ ಮಲ್ಕಾ ಕುಕ್ಕರಗಾಲಲ್ಲಿ ಕೂತಿದ್ದಳು. ಜಾಲಿ ಆಗಲೇ ಕಡಿದು ಬಿದ್ದಿತ್ತು. ಬಾಟಲಿನ ಮುಚ್ಚಳ ತೆಗೆದಿತ್ತು. ಬ್ರಷ್ ತುದಿಯಿಂದ ಔಷಧಿ ತೊಟ್ಟಿಕ್ಕುತ್ತಿತ್ತು.

“ಮಲ್ಕಾ, ರುಕೋ! ನಿಲ್ಸು!” ಲಾಲ್ ಸಾಬ್ ಕೂಗಿದ.

ಬ್ರಷ್ ಮೋಟಿನಿಂದ ಒಂದಂಗುಲ ದೂರದಲ್ಲಿ ನಿಂತಿತು. ಮೋಟು ಹಸಿಯಾಗಿತ್ತು. ರಸ ಒಸರುತ್ತಿತ್ತು. ಬಾಲರಾಜ್ ಅದರ ಮೇಲೆ ಬೀಳುವವನೇ ಇದ್ದ. ಅಷ್ಟರಲ್ಲಿ ಬಂದು ಸೇರಿದ ಮುದುಕಿ ಕೋಲು ಅಡ್ಡ ಹಿಡಿದಳು.

“ಮುಟ್ಬ್ಯಾಡ! ನಿನ್ನ ಕೈ ಬ್ಯಾಡ!”

ಮೊಳೆಯನ್ನು ಅವಳೇ ಇಟ್ಟಳು, ಕಲ್ಲಿನಿಂದ ಅವಳೇ ಹೊಡೆದಳು. ಒಂದೊಂದು ಏಟಿಗೂ ದೊಡ್ಡಿಯ ಮೇಕೆಗಳು ಮಕ್ಕಳ ಹಾಗೆ ಅತ್ತವು. ಕಡೆಯ ಏಟು ಬಿದ್ದಾಗ ಹೊತ್ತು ಇನ್ನೇನು ಮುಳುಗುವುದರಲ್ಲಿತ್ತು. ಫೋನ್ ಹೊಡೆದುಕೊಂಡಿತು. ಕಲಾವತಿ. “ರೀ, ಎಲ್ಲಿದ್ದೀರಾ? ಬಾಯೆಲ್ಲ ಮಣ್ಣುಮಣ್ಣು. ಮಗು ಒದೀತಾ ಇದೆ, ಬೇಗ ಬನ್ನಿ.” ಬಾಲರಾಜ್ ಹಿಕ್ಕೆಯ ಮೇಲೇ ಕೂತು ಬಿಕ್ಕಿಬಿಕ್ಕಿ ಅತ್ತ.

ದೊಡ್ಡಮುನಿಯಮ್ಮ ಅವನ ಬೆನ್ನು ಸವರಿ ಹೇಳಿದಳು: “ಒಂದ್ ಮಾತು. ಅದು ನಿನ್ನ ಕೈ ಗುರುತು ಇಟ್ಕೊಂಡೈತೆ. ಈ ಜಾಲೀನೂ ಮುಟ್ಬ್ಯಾಡ, ಉಟ್ಟೋ ಮಗೂನೂ ಮುಟ್ಬ್ಯಾಡ. ಮುಟ್ಟಿದ್ರೆ ಎರಡ್ರಲ್ಲಿ ಒಂದು ಒಣಗ್ತದೆ.”

ಆ ಚಳಿಗಾಲದಲ್ಲೇ ಮುದುಕಿ ತೀರಿಕೊಂಡಳು. ಬಾಲರಾಜ್ ಔಷಧಿಯ ಕೆಲಸ ಬಿಟ್ಟು, ಜಾಲಿಯನ್ನು ಕಾಯಲೆಂದೇ ಲಾಲ್ ಸಾಬನ ಪಕ್ಕದ ಮನೆಗೆ ಬಾಡಿಗೆಗೆ ಬಂದ. ಮಲ್ಕಾ ನೀರೆರೆಯುತ್ತಾಳೆ, ಇವನು ದೂರದಿಂದ ನೋಡುತ್ತಾನೆ. ಮೊಳೆ ಬಿದ್ದ ಮೋಟು ಹನ್ನೆರಡು ಕವಲಾಗಿ ಎದ್ದಿದೆ. ಮಗಳು ಹರ್ಷಿತಾಗೆ ಈಗ ಒಂದು ವರ್ಷ ಎರಡು ತಿಂಗಳು. ಹುಟ್ಟಿದಾಗ ಎತ್ತಿಕೊಳ್ಳಲಿಲ್ಲ. ಜ್ವರ ಬಂದಾಗ ಹಣೆ ಮುಟ್ಟಿ ನೋಡಲಿಲ್ಲ. ಹೆಣ್ಣಾಯಿತೆಂದು ಕೋಪವೇನೋ ಎಂದು ನೆಂಟರು ಆಡಿಕೊಂಡರು. ಅವನು ಆ ಮಾತನ್ನೂ ನುಂಗಿಕೊಂಡ. ಮಗಳನ್ನು ನೋಡುವಾಗ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುವುದು ಅಭ್ಯಾಸವಾಗಿಬಿಟ್ಟಿತ್ತು.

ಮೊನ್ನೆ ಭಾನುವಾರ ಊಟ ಮುಗಿಸಿ ಹೊಸ್ತಿಲಲ್ಲಿ ಕೂತವನಿಗೆ ಜೊಂಪು ಹತ್ತಿತು. ಕಂಕುಳಿನಿಂದ ಒಂದು ಕೈ ಜಾರಿ ನೆಲಕ್ಕೆ ಬಿತ್ತು. ಒಳಗಿನಿಂದ ಹರ್ಷಿತಾ ತಪ್ಪುಹೆಜ್ಜೆ ಹಾಕುತ್ತ ಬಂದು, ಬೀಳದಿರಲೆಂದು ಅಪ್ಪನ ತೋರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಎಷ್ಟು ಮೆತ್ತಗಿತ್ತು ಆ ಕೈ! ಎಷ್ಟು ಬೆಚ್ಚಗಿತ್ತು! ಕಣ್ಣು ಬಿಟ್ಟ ಬಾಲರಾಜನಿಗೆ ಒಂದು ಗಳಿಗೆ ಬೆರಳು ಬಿಡಿಸಿಕೊಳ್ಳಲು ಮನಸ್ಸೇ ಬರಲಿಲ್ಲ. ಬಿಡಿಸಿಕೊಳ್ಳಹೋದಾಗ ಮಗು ಬಿಡಲಿಲ್ಲ. ಒಂದು ವರ್ಷದ ಕೂಸಿಗೆ ಅಂಥ ಕಬ್ಬಿಣದ ಹಿಡಿತ ಎಲ್ಲಿಂದ ಬರಬೇಕು?

ಎಲ್ಲಿಂದಲೋ ಹರಳೆಣ್ಣೆಯ ವಾಸನೆ ಬಂತು. ಅವನು ದೊಡ್ಡಿಯ ಕಡೆ ತಿರುಗಿ ನೋಡಿದ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಜಾಲಿ ತನ್ನ ಎಲೆಗಳನ್ನು ಮಡಚಿಕೊಳ್ಳುತ್ತಿತ್ತು.