ಅಣ್ಣನ ಪೀಠ

“ಯಾರು ಇಲ್ಲಿ ಈಗಷ್ಟೇ ಕೂತು ಎದ್ದವರು?”

ಖಾಲಿ ಚಾವಡಿಯಲ್ಲಿ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಮರಳುಗಾಳಿಯ ಚಳಿಗೆ ಬೆರಳು ಸೆಟೆಯುವ ಆ ಬೆಳಗಿನಲ್ಲೂ ಪೀಠದ ಮರ ಬೆಚ್ಚಗಿತ್ತು.

ನಮ್ಮ ಅಸಾಂಟೆ ನಾಡಿನಲ್ಲಿ ಒಡೆಯ ಎದ್ದ ಕೂಡಲೇ ಪೀಠವನ್ನು ಮಗ್ಗುಲಿಗೆ ಉರುಳಿಸುತ್ತೇವೆ, ಅಲೆಯುವ ಜೀವ ಕೂರದಿರಲೆಂದು. ಒಡೆಯನಾಗಿದ್ದ ಅಣ್ಣ ಅಗ್ಯೇಮಾನ್ ಸತ್ತ ದಿನ, ಅಳುವ ಗದ್ದಲದಲ್ಲಿ, ಅದನ್ನು ಎಲ್ಲರೂ ಮರೆತಿದ್ದರು. ಆಮೇಲೆ ನಾನು ರಾತ್ರಿ ಉರುಳಿಸಿಟ್ಟರೂ ಬೆಳಗ್ಗೆ ನೆಟ್ಟಗೆ ನಿಂತಿರುತ್ತಿತ್ತು.

ಅಣ್ಣ ನ್ಯಾಯ ಹೇಳುವಾಗ ಯಾರಿಂದಲೂ ಒಂದು ಮೊಟ್ಟೆಯನ್ನೂ ಪಡೆದವನಲ್ಲ. ಬಿಳಿ ದೊರೆಯ ಬಂಗಲೆಗೆ ಕುರಿ ಕಳಿಸಿ ಅವನ ಜಾಗ ಹಿಡಿದವನು ನಾನು. ಊರಿನ ಬಾಯಲ್ಲಿ ಮಾತ್ರ ಇನ್ನೂ ಅವನದೇ ಹೆಸರು. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಅಂದು ನನ್ನ ಮೊದಲ ನ್ಯಾಯ. ಒಮ್ಮೆಯಾದರೂ ಜನ ನನ್ನನ್ನು ಒಡೆಯನೆನ್ನಬೇಕಿತ್ತು.

ಕೂತೆ. ಯಾರದೋ ತೊಡೆಯ ಮೇಲೆ ಕೂತಂತಾಯಿತು. ಕಿವಿಯ ಹತ್ತಿರ ಅಗಿದ ಕೋಲಾ ಕಾಯಿಯ ವಾಸನೆ, ಅಣ್ಣ ಅಗಿಯುತ್ತಿದ್ದದ್ದು.

ಕೋಕೋ ತೋಟದ ತಗಾದೆ ಹೊತ್ತು ಸೆರ್ವಾ ಚಿಕ್ಕಮ್ಮ ಬಂದಳು.

“ಆಗ ಈ ಬಾಗಿಲಲ್ಲಿ ಜನ ಕಾಯ್ತಿದ್ರು, ಈಗ ಕುರಿ ಕಾಯ್ತವೆ!” ಎಂದು ನಕ್ಕಳು.

ಆಮೇಲೆ ನನ್ನ ತಲೆಯ ಮೇಲಕ್ಕೆ ದಿಟ್ಟಿಸುತ್ತಾ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡಳು. ನಡುನಡುವೆ ಸುಮ್ಮನಾಗಿ ಆಲಿಸಿದಳು. ಕೊನೆಗೆ, “ಹಾಗೇ ಆಗ್ಲಿ ಒಡೆಯಾ,” ಎಂದು ಕೈಮುಗಿದು ಹೊರಟಳು.

ನಾನಿನ್ನೂ ಬಾಯಿ ತೆರೆದಿರಲಿಲ್ಲ.

“ಚಿಕ್ಕಮ್ಮಾ, ನಿಲ್ಲು. ನನ್ನ ತೀರ್ಪು ಕೇಳಿ ಹೋಗು.”

ಅವಳು ತಿರುಗಿಯೂ ನೋಡದೆ ಹೇಳಿದಳು:

“ಒಡೆಯಂದು ಕೇಳಾಯ್ತು, ನಿಂದು ಕೇಳಲ್ಲ ಕಣಪ್ಪ.”