ಭಾವನ ಪಾಲಿನ ಬಿಳಿ

ಹೆಸರಿನ ಮುಂದೆ ‘ಡಾಕ್ಟರ್’ ಎಂದು ಅಂಟಿಸಿಕೊಳ್ಳಲು ಅರ್ಧ ಆಯುಷ್ಯ ಸವೆಸಿದವನನ್ನು ಇಡೀ ಲ್ಯಾಬು ‘ಭಾವ’ ಎಂದು ಕರೆಯುತ್ತಿತ್ತು. ಇದು ಅವನ ನಾದಿನಿಯ ಕೃಪೆ. ಹೆಂಡತಿಯ ಈ ತಂಗಿ ಕೆಲಸಕ್ಕೆ ಸೇರಿದ ದಿನವೇ ಎಲ್ಲರೆದುರು, “ಭಾವಾ, ನನ್ನ ಟೇಬಲ್ ಯಾವ್ದು?” ಎಂದು ಕೂಗಿದ್ದಳು. ಅಂದಿನಿಂದ ಗಾಜಿನ ಪಾತ್ರೆ ತೊಳೆಯುವವನಿಗೂ ಅವನು ಭಾವನೇ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನಿವೃತ್ತರಾಗುತ್ತಿದ್ದ ಮುಖ್ಯಸ್ಥರ ಕುರ್ಚಿಗೆ ತನ್ನ ಹೆಸರಿನ ಜೊತೆ ಅವಳ ಹೆಸರೂ ಕೇಳಿಬಂದಾಗ ಮಾತ್ರ ಅವನಿಗೆ ಮೈಯೆಲ್ಲ ಉರಿಯಿತು.

ಕುರ್ಚಿ ಯಾರಿಗೆ ಎಂಬುದು ಒಂದು ಹನಿ ಪ್ರತಿಕಾಯದ, ಅಂದರೆ ಆಂಟಿಬಾಡಿಯ, ಮೇಲೆ ನಿಂತಿತ್ತು. ಜೀವಕೋಶದೊಳಗೆ ಡಿಎನ್‌ಎ ಎಳೆ ಸುತ್ತಿಕೊಳ್ಳಲು ಪುಟ್ಟ ಉಂಡೆಗಳಿರುತ್ತವೆ. ಅವೇ ಹಿಸ್ಟೋನ್ ಎಂಬ ಪ್ರೋಟೀನು. ರೋಗ ಹತ್ತಿದ ಕೋಶದಲ್ಲಿ ಆ ಉಂಡೆಗೊಂದು ಗುರುತು ಬೀಳುತ್ತದೆ. ಆ ಗುರುತನ್ನಷ್ಟೇ ಹುಡುಕಿ ಹಿಡಿಯುವ ಪ್ರತಿಕಾಯ ಯಾರದೋ ಅವರಿಗೆ ಕುರ್ಚಿ. ಭಾವ ಮೊಲಗಳಿಗೆ ಆ ಪ್ರೋಟೀನು ಚುಚ್ಚಿ ಚುಚ್ಚಿ ಅವುಗಳ ರಕ್ತದಿಂದ ಪಡೆದ ಪ್ರತಿಕಾಯ ಊರಿಗೆಲ್ಲ ನೆಂಟ. ಎದುರಿಗೆ ಬಂದ ಪ್ರೋಟೀನನ್ನೆಲ್ಲ ತಬ್ಬಿಕೊಳ್ಳುತ್ತಿತ್ತು. ನಾದಿನಿಯದು ಪರೀಕ್ಷೆಯ ಕಾಗದದ ಪಟ್ಟಿಯ ಮೇಲೆ, ಆ ಗುರುತಿದ್ದಲ್ಲಿ ಮಾತ್ರ, ಒಂದೇ ಒಂದು ಗೆರೆ ಮೂಡಿಸುತ್ತಿತ್ತು.

ಅಂಥ ಗೆರೆ, ಇಂಥವಳಿಗೆ! ಹಿತ್ತಲಲ್ಲಿ ಕೋಳಿ ಸಾಕುವವಳು, ಬಿಳಿ ಕೋಟಿಗೆ ಪುಕ್ಕ ಅಂಟಿಸಿಕೊಂಡೇ ಲ್ಯಾಬಿಗೆ ಬರುವವಳು. ವಾರದ ಸಭೆಯಲ್ಲಿ ಅವಳು ತನ್ನ ಕೆಲಸ ವಿವರಿಸಲು ಎದ್ದರೆ ಭಾವ ಕಣ್ಣು ಮುಚ್ಚಿ ಒಂದು ನಿದ್ದೆ ತೆಗೆಯುತ್ತಿದ್ದ. ಅವಳಿಂದ ಅವನಿಗಾಗುತ್ತಿದ್ದ ಉಪಕಾರ ಒಂದೇ: ಅಕ್ಕನ ಮನೆಗೆ ಡಬ್ಬಿ ತುಂಬ ಕಳಿಸುತ್ತಿದ್ದ ಮೊಟ್ಟೆಯ ಬಿಳಿ. “ಭಾವಂಗೆ ಕೊಲೆಸ್ಟರಾಲ್ ಇದೆಯಲ್ಲಕ್ಕಾ, ಬಿಳಿ ಒಳ್ಳೇದು,” ಎನ್ನುತ್ತಿದ್ದಳಂತೆ. ಆ ಬಿಳಿಯ ಆಮ್ಲೆಟ್ ಮೆಲ್ಲುತ್ತಲೇ ಅವನು ಅವಳ ಬುಡಕ್ಕೆ ಕೊಡಲಿ ಹಾಕುವ ಉಪಾಯ ಹೂಡಿದ. ಉಂಡ ಮನೆಗೆ ಎರಡು ಬಗೆಯಬಾರದು ಎಂಬುದೆಲ್ಲ ಅವನ ಪ್ರಕಾರ ದಡ್ಡರಿಗೆ ಹೇಳಿದ ಮಾತು.

ಪಟ್ಟಿಗೆ ಹಾಕಬೇಕಾದದ್ದು ಎರಡು ಸೀಸೆ. ಮೊದಲನೆಯದು ಹಿಸ್ಟೋನನ್ನು ಹಿಡಿಯುವ ಪ್ರತಿಕಾಯ. ಎರಡನೆಯದು ಆ ಪ್ರತಿಕಾಯವನ್ನೇ ಹಿಡಿದು ಬೆಳಗಿ, ಗೆರೆಯನ್ನು ಕಣ್ಣಿಗೆ ಕಾಣಿಸುವಂಥದ್ದು. ಮೊದಲನೆಯದು ಮದುವಣಗಿತ್ತಿ, ಎರಡನೆಯದು ದೀಪ ಹಿಡಿದು ಬರುವವಳು, ಅವಳ ಮುಖ ಯಾರು ನೋಡುತ್ತಾರೆ? ನಾದಿನಿ ತನ್ನ ಸೀಸೆಗಳ ಮೇಲೆ ಬರೀ ‘೧’, ‘೨’ ಎಂದು ಬರೆದಿಡುತ್ತಿದ್ದಳು. ಅಂಗನವಾಡಿಯ ಬುದ್ಧಿ ಎಂದು ಭಾವ ನಕ್ಕ.

ಆತುರಗಾರನಲ್ಲ ಅವನು. ಅವಳು ರಜೆ ಹಾಕಿದ ದಿನ ಆ ಎರಡೂ ಸೀಸೆಗಳಿಂದ ಹನಿ ಹನಿ ಕದ್ದು ಪರೀಕ್ಷಿಸಿ ನೋಡಿದ. ಗೆರೆ ಫಳಫಳ ಹೊಳೆಯಿತು. ಆಯ್ಕೆಯ ಹಿಂದಿನ ದಿನ ಎಲ್ಲರೂ ಊಟಕ್ಕೆದ್ದಾಗ ಅವಳ ‘೧’ರಲ್ಲಿದ್ದುದನ್ನು ತನ್ನ ‘ಮೊಲ’ ಎಂಬ ಚೀಟಿಯ ಸೀಸೆ ಖಾಲಿ ಮಾಡಿ ಅದಕ್ಕೆ ಸುರಿದುಕೊಂಡು, ಅವಳದಕ್ಕೆ ಉಪ್ಪುನೀರು ತುಂಬಿಸಿದ. ಕೈಗವಸು ಬಿಸಾಕಿ, ಹೋಗಿ ಅವಳೆದುರಿಗೇ ಊಟಕ್ಕೆ ಕೂತ.

“ನಾಳೆ ನೆನಸ್ಕೊಂಡ್ರೆ ಹೆದರಿಕೆ ಆಗಲ್ವಾ ಭಾವ?”

“ನನಗ್ಯಾಕಮ್ಮ ಹೆದರಿಕೆ? ನೀನು ಹೋಗಿ ನಿನ್ನ ಕೋಳಿ ನೋಡ್ಕೋ.”

“ಅವನ್ನೇ ನಂಬ್ಕೊಂಡಿದೀನಿ,” ಎಂದು ಅವಳು ಬಾಯ್ತುಂಬ ನಕ್ಕಳು. ಪಾಪ, ನಾಳೆಯಿಂದ ಅವೇ ಗತಿ ಎಂದುಕೊಂಡ ಭಾವ.

ಮರುದಿನ ಹೊರಗಿನಿಂದ ಬಂದ ಪರೀಕ್ಷಕಿ ನಗೆ ಮರೆತ ಹೆಂಗಸು. ಅರ್ಜಿಗಳನ್ನು ಓದಿಕೊಂಡೇ ಬಂದಿದ್ದರು. “ಮೊದಲನೇ ಸೀಸೆ ನಿಮ್ಮದು, ಎರಡನೇದು ಇಬ್ಬರಿಗೂ ಒಂದೊಂದು ನಾನೇ ತಂದಿದೀನಿ,” ಎಂದು ತಮ್ಮ ಪೆಟ್ಟಿಗೆ ತೆರೆದರು. ತರಲಿ, ದೀಪ ಯಾರು ಹಿಡಿದರೇನು? ಮೊದಲು ನಾದಿನಿಯ ಪಟ್ಟಿ. ಖಾಲಿ. ಅವಳ ಮುಖ ಬಿಳಿಚಿದ್ದನ್ನು ಭಾವ ಆಸೆಪಟ್ಟು ನೋಡಿದ. ಆಮೇಲೆ ಅವನ ಪಟ್ಟಿ. ಅದೂ ಖಾಲಿ.

ಅವನಿಗೆ ಅರ್ಥವಾಗಲಿಲ್ಲ. ನಾದಿನಿ ಒಮ್ಮೆ ತನ್ನ ಪಟ್ಟಿ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. “ಮೇಡಂ,” ಎಂದಳು, “ನನಗಂತ ತಂದಿದ್ರಲ್ಲ, ಆ ಎರಡನೇ ಸೀಸೆ, ಅದನ್ನ ಭಾವನ ಪಟ್ಟಿಗೂ ಸ್ವಲ್ಪ ಹಾಕಿ ನೋಡ್ತೀರಾ?”

ಹಾಕಿದರು. ಕೂದಲೆಳೆಯಷ್ಟು ತೆಳುವಾದ ಒಂದೇ ಗೆರೆ ಮೆಲ್ಲಗೆ ಬೆಳಗಿತು. “ಮೊಲದ ಪ್ರತಿಕಾಯ ಹಿಡಿಯೋ ಸೀಸೆಗೆ ಕಾಣಲಿಲ್ಲ. ಕೋಳೀದನ್ನ ಮಾತ್ರ ಹಿಡಿಯೋ ಸೀಸೆಗೆ ಕಾಣ್ತಿದೆ,” ಎಂದು ಪರೀಕ್ಷಕಿ ಅವನ ಕಡೆ ತಿರುಗಿದರು. “ನಿಮ್ಮ ಮೊಲ ಮೊಟ್ಟೆ ಇಡುತ್ತಾ?” ಪಾತ್ರೆ ತೊಳೆಯುವವನು ಕಿಸಕ್ಕನೆ ನಕ್ಕ. ಕೋಳಿಗೆ ಚುಚ್ಚಿ, ಅದಿಡುವ ಮೊಟ್ಟೆಯ ಹಳದಿಯಿಂದ ಪ್ರತಿಕಾಯ ತೆಗೆಯುತ್ತೇನೆಂದು ನಾದಿನಿ ಸಭೆ ಸಭೆಯಲ್ಲೂ ಹೇಳಿದ್ದಳು. ಲ್ಯಾಬಿನಲ್ಲಿ ಅದು ಗೊತ್ತಿಲ್ಲದಿದ್ದವನು ಭಾವನೊಬ್ಬನೇ. ದಿನಾ ಬೆಳಗ್ಗೆ ತಟ್ಟೆ ತುಂಬ ಬರೀ ಬಿಳಿ ತಿಂದು ಎದ್ದವನು, ಹಳದಿ ಎಲ್ಲಿಗೆ ಹೋಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.