ಇಲಿಗಳಿಗೆ ಮಾತ್ರ ಗೊತ್ತಾದ ಘಮ

“ಹೈಸ್ಕೂಲೂ ಮುಗಿಸದವನ ಕೈಗೆ ನನ್ನ ಇಲಿ ಕೊಟ್ರೆ ಇನ್ನೇನಾಗುತ್ತೆ?”

ಅಯೋನಾ ಹೇಳಿದ್ದು ಅಷ್ಟೇ. ಸೋಮವಾರದ ಲ್ಯಾಬ್ ಮೀಟಿಂಗಿನಲ್ಲಿ ಹನ್ನೊಂದು ಜನ ಕೂತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಕಾಫಿ ಕಪ್ಪಿನೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ಎಲ್ಲರೂ ಅದನ್ನೇ ನೋಡಿದರು. ಪಂಜರದ ಚೀಟಿಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ ರೆಮಿ ಸುರೆಟ್‌ನ ಕಿವಿಗಳು ಮಾತ್ರ ಕಾದ ಕಾವಲಿಯಾದವು.

ಪರದೆಯ ಮೇಲೆ ಅವಳ ಗ್ರಾಫ್ ಇತ್ತು. ಅರ್ಧ ಇಲಿಗಳಿಗೆ ಒಂದು ಸದ್ದು ಕೇಳಿಸಿ ಪಾದಕ್ಕೆ ಸಣ್ಣ ಶಾಕ್ ಕೊಡುವುದು, ಉಳಿದರ್ಧಕ್ಕೆ ಬರೀ ಸದ್ದು. ಮುಂದಿನ ಸಲ ಅದೇ ಸದ್ದು ಕೇಳಿದಾಗ ಶಾಕ್ ತಿಂದವು ಹೆದರಿ ಕಲ್ಲಾಗಬೇಕು, ತಿನ್ನದವು ಮೀಸೆ ಕುಣಿಸುತ್ತ ಓಡಾಡಬೇಕು. ಭಯ ಮಿದುಳಿನಲ್ಲಿ ಹೇಗೆ ನೆನಪಾಗಿ ಕೂರುತ್ತದೆ ಎನ್ನುವ ಅವಳ ಮೂರು ವರ್ಷದ ಪಿಎಚ್‌ಡಿ ನಿಂತಿದ್ದೇ ಈ ವ್ಯತ್ಯಾಸದ ಮೇಲೆ. ಈಗ ನೋಡಿದರೆ ಏನೂ ತಿನ್ನದ ಇಲಿಗಳೂ ಕಲ್ಲಾಗಿ ಕೂತಿದ್ದವು.

“ಇನ್ನು ಮೂರು ವಾರಕ್ಕೆ ಪಿಎಚ್‌ಡಿ ಕಮಿಟಿ ಮುಂದೆ ನಿಲ್ಬೇಕು ನೀನು,” ಎಂದರು ಪ್ರೊಫೆಸರ್ ಹಾಲೆಟ್. “ನನಗೆ ಕಾರಣ ಬೇಕು. ಬೈಗುಳ ಅಲ್ಲ.”

ರೆಮಿ ಚೀಟಿಗಳನ್ನು ಮೇಜಿನ ತುದಿಗೆ ಕುಕ್ಕಿ ಹೊರಬಂದ.

ಹದಿನಾರಕ್ಕೇ ಶಾಲೆ ಬಿಟ್ಟು ಅಪ್ಪನ ಜೊತೆ ಸಮುದ್ರದಲ್ಲಿ ಲಾಬ್‌ಸ್ಟರ್ ಹಿಡಿಯುವ ದೋಣಿ ಹತ್ತಿದವನು ಅವನು. ದೋಣಿ ಕೈಬಿಟ್ಟು ಹೋಯಿತು, ಬಂದರು ಪಟ್ಟಣ ಹ್ಯಾಲಿಫ್ಯಾಕ್ಸಿಗೆ ಬಂದ, ಇಲಿ ನೋಡಿಕೊಳ್ಳುವ ಕೆಲಸ ಹಿಡಿದ. ಓದಿಲ್ಲ ಅಂತ ಯಾರು ಬೇಕಾದರೂ ಅನ್ನಲಿ, ಸುಳ್ಳೇನಲ್ಲ. ಆದರೆ ಅವನ ಕೈಯನ್ನು ಅನ್ನಬಾರದಿತ್ತು. ದಿನಾ ಒಂದೊಂದು ಇಲಿಗೂ ಐದೈದು ನಿಮಿಷ, ಎರಡು ವಾರ, ಅಂಗೈಯಲ್ಲಿ ಕೂರಿಸಿಕೊಂಡು ಪಳಗಿಸಿದ ಕೈ ಅದು. ಇಪ್ಪತ್ತಮೂರನೇ ನಂಬರಿನ ಇಲಿಗೆ ಎಡಗಿವಿಯ ಹಿಂದೆ ಕೆರೆದರೆ ಖುಷಿಗೆ ಹಲ್ಲು ಕಟಕಟ ಮಾಡುತ್ತದೆ ಅನ್ನುವುದು ಆ ಹನ್ನೊಂದು ಜನ ಓದಿದವರಲ್ಲಿ ಯಾರಿಗೆ ಗೊತ್ತಿತ್ತು?

ಅಯೋನಾಗೆ ಗೊತ್ತಿತ್ತು. ಅದೇ ಅವನನ್ನು ಸುಟ್ಟಿದ್ದು.

ಇಲಿಗಳು ಎಚ್ಚರವಿರುವುದು ಕತ್ತಲಲ್ಲಿ. ಹಾಗಾಗಿ ಹಗಲಿಡೀ ಅವುಗಳ ಕೋಣೆಯಲ್ಲಿ ಕತ್ತಲು, ಮೂಲೆಯಲ್ಲೊಂದು ಮಂಕು ಕೆಂಪು ದೀಪ. ಹೊರಗೆ ಬಂದರಿನ ಮೇಲೆ ಮಂಜು ತೂಗುತ್ತಿದ್ದರೆ ಒಳಗೆ ಆ ಬೆಳಕು ನೀರಿನ ಹಾಗೆ ಅಲ್ಲಾಡದೆ ನಿಂತಿರುತ್ತಿತ್ತು. ಪ್ರತಿ ಮಂಗಳವಾರ, ಶುಕ್ರವಾರ ಅವಳು ಪರೀಕ್ಷೆಗೆ ಇಲಿ ಒಯ್ಯಲು ಬರುತ್ತಿದ್ದಳು. ಇಲಿಯ ಕೂದಲು ಅವಳಿಗೆ ಆಗದು, ಉಸಿರು ಕಟ್ಟುತ್ತದೆ. ಅದಕ್ಕೇ ಮೂಗಿನಿಂದ ಗಲ್ಲದವರೆಗೆ ಮುಚ್ಚುವ ದೊಡ್ಡ ಮಾಸ್ಕ್. ಅವನಿಗೆ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಸಾಕಾಗಿತ್ತು.

“ಇಪ್ಪತ್ತಮೂರರ ಮೂಡ್ ಇವತ್ತು ಹೇಗಿದೆಯೋ?” ಫೆಬ್ರವರಿಯ ಕೊನೆಯ ಶುಕ್ರವಾರ ಕೇಳಿದ್ದಳು.

“ನಿಂದಕ್ಕಿಂತ ಚೆನ್ನಾಗಿದೆ.”

“ನನ್ನ ಮೂಡ್ ನಿಂಗೇನು ಗೊತ್ತು? ಮುಖಾನೇ ಕಾಣಲ್ಲ.”

“ಕಣ್ಣು ಕಾಣುತ್ತಲ್ಲ.”

ಅವಳು ಕಣ್ಣು ತಗ್ಗಿಸಿದಳು. ಕೆಂಪು ಬೆಳಕಿನಲ್ಲಿ ರೆಪ್ಪೆಯ ನೆರಳು ಮಾಸ್ಕಿನ ಮೇಲೆ ನಡುಗಿತು. ಇಲಿಯನ್ನು ತೆಗೆದುಕೊಳ್ಳುವಾಗ ಅವಳ ಬೆರಳು ಅವನ ಮಣಿಕಟ್ಟಿನ ಮೇಲೆ ಬೇಕಿದ್ದಕ್ಕಿಂತ ಒಂದು ಉಸಿರು ಹೆಚ್ಚು ನಿಂತಿತು. ಅಷ್ಟೇ. ಅಷ್ಟರಲ್ಲೇ ಒಂದು ವಾರ ಬದುಕಬಹುದು ಅನ್ನಿಸಿತು ಅವನಿಗೆ.

ಅದೇ ಸಂಜೆ ಹೋಗಿ ಒಂದು ಸೆಂಟಿನ ಬಾಟಲಿ ಕೊಂಡ. ಸೆಂಟು ಹಾಕಿಕೊಂಡು ಒಳಗೆ ಬರಬಾರದು ಅಂತ ಕೋಣೆಯ ಬಾಗಿಲ ಮೇಲೇ ಅಂಟಿಸಿದ್ದರು. ಒಂದು ಹನಿ ಏನು ಮಾಡೀತು, ಎಂದುಕೊಂಡ. ಅವಳು ಬರುವ ದಿನ ಮಾತ್ರ ಕಿವಿಯ ಕೆಳಗೆ, ಕೈಗೆ ಒಂದಿಷ್ಟು. ಬಿಗಿದ ಮಾಸ್ಕಿನೊಳಗೆ ಸೋಸಿದ ಗಾಳಿ ಕುಡಿಯುವ ಹುಡುಗಿಗಾಗಿ! ಪ್ರೀತಿಸುವವರಿಗೆ ಬುದ್ಧಿ ಎಲ್ಲಿರುತ್ತದೆ.

ಆ ಬುದ್ಧಿ ಬಂದಿದ್ದು ಇವತ್ತು, ಬೈಸಿಕೊಂಡ ಮೇಲೆ. ಇಪ್ಪತ್ತಮೂರನ್ನು ಎತ್ತಿಕೊಂಡ. ಸೋಮವಾರ, ಕೈಯಲ್ಲಿ ಬರೀ ಸೋಪಿನ ವಾಸನೆ. ಇಲಿ ಅಂಗೈಯಲ್ಲಿ ಮುದುಡಿ ಹಲ್ಲು ಕಟಕಟ ಅನ್ನಿಸಿತು. ಅದನ್ನು ಒಳಗೆ ಬಿಟ್ಟು, ಲಾಕರಿನಿಂದ ಬಾಟಲಿ ತಂದು ಒಂದು ಹನಿ ಸವರಿ ಮತ್ತೆ ಕೈ ಚಾಚಿದ.

ಇಲಿ ಕಲ್ಲಾಯಿತು.

ಗೊತ್ತಿಲ್ಲದ ಗಾಢ ವಾಸನೆ ಇಲಿಗೆ ಶತ್ರುವಿನ ಸುಳಿವು. ರೆಮಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವಳ ಕೆಲಸ ಕೆಟ್ಟಿರಲಿಲ್ಲ. ಅವನು ಬಾಟಲಿ ಕೊಳ್ಳುವ ಮೊದಲು ಪರೀಕ್ಷೆಯಾದ ಇಲಿಗಳೆಲ್ಲ ಸರಿಯಿದ್ದವು. ಒಂದು ಮಾತು ಹೇಳಿದರೆ ಮೂರು ವರ್ಷ ಉಳಿಯುತ್ತದೆ. ಆದರೆ ಹೇಳಿದರೆ ತಾರೀಖು ಹೇಳಬೇಕು. ತಾರೀಖು ಹೇಳಿದರೆ ಯಾರಿಗಾಗಿ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಎಲ್ಲರ ಮುಂದೆ ಉಗಿದವಳ ಕೈಗೆ ತನ್ನ ಎದೆಯನ್ನು ತಾನೇ ಕೊಡಬೇಕೇ? ಮುಳುಗಲಿ ಬಿಡು, ಎಂದಿತು ಸಿಟ್ಟು. ಮಂಜಿನೊಳಗಿಂದ ಹಡಗೊಂದು ದೀರ್ಘವಾಗಿ ಕೂಗಿತು. ಅದು ಮೂರು ಸಲ ಕೂಗುವವರೆಗೂ ಅವನು ಸಿಟ್ಟಿನ ಮಾತನ್ನೇ ಕೇಳುತ್ತ ಕೂತಿದ್ದ.

ಆಮೇಲೆ ಎದ್ದು, ಕೋಣೆಯ ದಾಖಲೆ ಪುಸ್ತಕ ತೆರೆದು ಸೊಟ್ಟ ಅಕ್ಷರಗಳಲ್ಲಿ ಬರೆದ:

‘ಮಾರ್ಚ್ 4ರಿಂದ ಪ್ರತಿ ಮಂಗಳವಾರ, ಶುಕ್ರವಾರ ನಾನು ಸೆಂಟು ಹಾಕಿಕೊಂಡು ಬಂದಿದ್ದೆ. ಇಲಿಗಳು ಹೆದರಿದ್ದು ಅದಕ್ಕೆ. ಅದಕ್ಕೂ ಮುಂಚಿನವು ಸರಿಯಾಗಿವೆ. ತಪ್ಪು ನನ್ನದು. ರೆಮಿ.’

ಮರುದಿನ ಅಯೋನಾ ಪುಸ್ತಕ ಎದೆಗವಚಿಕೊಂಡು ಕಾರಿಡಾರಿಗೆ ಓಡಿಬಂದಳು. ಮಾಸ್ಕ್ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಕೆನ್ನೆಗಳ ಮೇಲೆ ಅದರ ಪಟ್ಟಿಯ ಗುರುತು, ಮೂಗಿನ ಮೇಲೆ ಒಂದು ಕೆಂಪು ಗೀರು. ಇಷ್ಟು ಹತ್ತಿರದಿಂದ ಆ ಮುಖವನ್ನು ಅವನು ನೋಡಿದ್ದು ಇದೇ ಮೊದಲು. ಸಿಟ್ಟು ಎಲ್ಲಿಟ್ಟೆನೆಂದು ಅವನೇ ಒಂದು ಕ್ಷಣ ಹುಡುಕಬೇಕಾಯಿತು.

“ರೆಮಿ, ನಾನು ನಿನ್ನೆ ಹಾಗನ್ಬಾರ್ದಿತ್ತು. ಸಾರಿ.”

“ಅಂದಿದ್ದು ಹನ್ನೊಂದು ಜನದ ಮುಂದೆ. ಸಾರಿ ಕೇಳ್ತಿರೋದು ಗೋಡೆ ಮುಂದೆ.”

“ಎಷ್ಟು ಸೊಕ್ಕೋ ನಿಂಗೆ!”

“ಇರ್ಲಿ ಬಿಡು. ಡಿಗ್ರಿ ಇಲ್ವಲ್ಲ, ಅದಾದ್ರೂ ಇರ್ಲಿ.”

ಅವಳು ಮಾಸ್ಕ್ ಮತ್ತೆ ಏರಿಸಿಕೊಂಡು ಹೊರಟುಹೋದಳು. ಶುಕ್ರವಾರ ಇಲಿ ಕೊಡುವಾಗ ಇಬ್ಬರೂ ಇಲಿಯನ್ನೇ ನೋಡಿದರು.

ಮತ್ತೆ ಸೋಮವಾರ. ಪರದೆಯ ಮೇಲೆ ಮಾರ್ಚ್‌ಗೂ ಮುಂಚಿನ ಇಲಿಗಳ ಗ್ರಾಫ್. ಎರಡು ಗೆರೆಗಳು ಜಗಳವಾಡಿದವರ ಹಾಗೆ ದೂರ ದೂರ ಹೋಗಿದ್ದವು. ಹಾಲೆಟ್ ಕನ್ನಡಕ ತೆಗೆದು ನಕ್ಕರು. ಅಯೋನಾ ನಗಲಿಲ್ಲ. ಎದ್ದು ನಿಂತಳು.

“ಹೋದ ವಾರ ಇದೇ ಜಾಗದಲ್ಲಿ ನಾನು ರೆಮಿ ಬಗ್ಗೆ ಒಂದು ಕೆಟ್ಟ ಮಾತಾಡ್ದೆ. ಈ ಗ್ರಾಫ್ ಉಳಿಸಿದ್ದು ಅವನು. ಅವನೇ ಕಾರಣ ಹುಡುಕ್ದ, ತನ್ನ ತಪ್ಪನ್ನ ತಾನೇ ಬರೆದಿಟ್ಟ. ನಮ್ಮಲ್ಲಿ ಯಾರು ಬರೀತಿದ್ರಿ ಹೇಳಿ? ನಾನಂತೂ ಬರೀತಿರ್ಲಿಲ್ಲ.” ಅವಳು ಬಾಗಿಲ ಕಡೆ ತಿರುಗಿದಳು. “ತಪ್ಪಾಯ್ತು ರೆಮಿ.”

ಹನ್ನೊಂದು ಕಾಫಿ ಕಪ್ಪುಗಳೂ ಮೇಜಿಗಿಳಿದವು. ಡೆಕ್ಸ್ಟರ್ ಅನ್ನುವ ತುಂಟ ಕುರ್ಚಿ ತಿರುಗಿಸಿದ.

“ಅದೆಲ್ಲ ಸರಿ ಗುರೂ, ಸೆಂಟು ಯಾರಿಗೋಸ್ಕರ? ಇಲಿಗಳಿಗಾ?”

ಕೋಣೆ ಗೊಳ್ಳೆಂದಿತು. ನಗದವಳು ಒಬ್ಬಳೇ. ಅವಳಿಗೆ ತಾರೀಖುಗಳು ಗೊತ್ತಿದ್ದವು. ಆದರೂ ಅವನ ಬಾಯಿಂದ ಕೇಳಬೇಕೆನ್ನುವ ಆಸೆ ಅವಳ ಕಣ್ಣಲ್ಲಿ ತುಂಬಿ ನಿಂತಿತ್ತು. ಅವಳ ಕೆನ್ನೆ ಇಲಿಗಳ ಕೋಣೆಯ ದೀಪಕ್ಕಿಂತ ಕೆಂಪಾಗಿತ್ತು.

ಇಷ್ಟೊಂದು ಓದಿದವರಿಗೆಲ್ಲ ಬೇಕಾದ ಉತ್ತರ ಅವನೊಬ್ಬನ ಹತ್ತಿರ ಇತ್ತು. ಅದನ್ನು ಇವರ ಮುಂದೆ ಬಿಚ್ಚುವುದು ಅವನಿಗೆ ಬೇಕಾಗಿರಲಿಲ್ಲ. ರೆಮಿ ಅವಳನ್ನು ಒಂದು ಸಲ, ಒಂದೇ ಸಲ, ಕಣ್ತುಂಬ ನೋಡಿದ. ತಿರುಗಿ, ಕಾರಿಡಾರಿನುದ್ದಕ್ಕೂ ನಡೆದ. ಮೆಲ್ಲಗೆ, ಹಿಂದಿನಿಂದ ಯಾರಾದರೂ ಬಂದು ಸೇರಿಕೊಳ್ಳುವುದಿದ್ದರೆ ಸೇರಿಕೊಳ್ಳಬಹುದಾದಷ್ಟು ಮೆಲ್ಲಗೆ.